ಕೊಠಡಿ 114ರ ಬಿಸಿನೀರು ಹಾಗೂ ಮೂವತ್ತೊಂದು ಅಂಕಗಳ ವಾಪಸಾತಿ ಕುರಿತು

ಹಿರಿಯರ ಆರೈಕೆ ಗುಣಮಟ್ಟ ಮೌಲ್ಯಮಾಪನ ಉಪಸಮಿತಿ
(ಕನ್ನಡ ಸಂಘದ ಅಧೀನಕ್ಕೊಳಪಟ್ಟಿದೆ)
ಮೊಕ್ಕಾಂ: ಕೊಠಡಿ 108, ಸಮರ್‌ಸೆಟ್, ನ್ಯೂಜೆರ್ಸಿ

ಸಂಖ್ಯೆ: ಹಿಆಗುಮೌಉಸ/02/2000
ದಿನಾಂಕ: 22-3-2000

ಸುತ್ತೋಲೆ

ವಿಷಯ: ನರ್ಸಿಂಗ್ ಹೋಂ ಒಂದರ ಆರೈಕೆಗೆ ಈ ಸಮಿತಿ ನೀಡಿದ್ದ ಅಂಕಗಳನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: 1) ಇದೇ ಸಮಿತಿಯ ಸುತ್ತೋಲೆ ಸಂಖ್ಯೆ 01, ದಿನಾಂಕ 18-1-2000.
2) ಶ್ರೀಮತಿ ಬಿಂದುಶ್ರೀ ಅವರ ಮೂರು ದೂರವಾಣಿ ಕರೆಗಳು (ಮೂರನೆಯದು ಪೂರ್ಣ ಇಂಗ್ಲಿಷಿನಲ್ಲಿ).
3) ಅಧ್ಯಕ್ಷರ ಎಡ ಸೊಂಟದ ಎಕ್ಸ್-ರೇ.

ಪ್ರಸ್ತಾವನೆ:

ಹಿಲ್ಸ್‌ಬರೋ ನಿವಾಸಿ ಶ್ರೀಮತಿ ಬಿಂದುಶ್ರೀ ಅವರ ತಾಯಿ, ಹುಣಸೂರು ಮೂಲದ ಶ್ರೀಮತಿ ದೇವಮ್ಮ, ವಯಸ್ಸು ಎಪ್ಪತ್ತಾರು, ಕಳೆದ ಡಿಸೆಂಬರಿನಲ್ಲಿ ಸ್ನಾನದ ಮನೆಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಅವರನ್ನು ಎಬ್ಬಿಸಿ ಕೂರಿಸಲು ಇಬ್ಬರು ಬೇಕಾಗಿದ್ದು, ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರಾದ ಕಾರಣ, ಆಸ್ಪತ್ರೆಯಿಂದ ಅವರನ್ನು ಸಮರ್‌ಸೆಟ್‌ನ ಒಂದು ನರ್ಸಿಂಗ್ ಹೋಂನ ಕೊಠಡಿ 114ಕ್ಕೆ ಸೇರಿಸಲಾಯಿತು. ಕಾನೂನು ಸಲಹೆಯ ಮೇರೆಗೆ ಅದನ್ನು ಇನ್ನು ಮುಂದೆ ‘ಸದರಿ ಸಂಸ್ಥೆ’ ಎಂದು ಕರೆಯಲಾಗುವುದು. ಸಲಹೆ ನೀಡಿದವರು ವಕೀಲರಲ್ಲ. ಅವರ ಪಕ್ಕದ ಮನೆಯವರು ವಕೀಲರು.

ಮನೆಗೊಂದು ಅಡುಗೆ ತರುವ ಸಂಘದ ಸಂಕ್ರಾಂತಿ ಪಾಟ್‌ಲಕ್‌ನಲ್ಲಿ ಎಳ್ಳು ಬೆಲ್ಲಕ್ಕಿಂತ ಮೊದಲು ಹಂಚಿಕೆಯಾದದ್ದು “ಅಮ್ಮನ್ನ ಹೋಮ್‌ಗೆ ಹಾಕ್‌ಬಿಟ್ಳಂತೆ” ಎಂಬ ಮಾತು. ಸದರಿ ಮಾತು ಎಲ್ಲೆಂದರಲ್ಲಿ, ಯಾರು ಬೇಕಾದರೂ ಆಡುವಂತಾಗಿದ್ದು, ಅದನ್ನು ಕ್ರಮಬದ್ಧಗೊಳಿಸುವ ಸಲುವಾಗಿ ಅಂದೇ ಸಂಜೆ ಈ ಉಪಸಮಿತಿಯನ್ನು ರಚಿಸಲಾಯಿತು. ಬೆಂಗಳೂರಿನ ಸಚಿವಾಲಯದಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ಶಾಖಾಧಿಕಾರಿಯಾಗಿ ನಿವೃತ್ತರಾಗಿ, ಈಗ ಮಗಳ ಮನೆಯಲ್ಲಿರುವ ಶ್ರೀ ಕೇಶವಮೂರ್ತಿ ಅಧ್ಯಕ್ಷರು. ಸಾಫ್ಟ್‌ವೇರ್ ಪರೀಕ್ಷಕರಾದ ರಾಯಚೂರಿನ ಶ್ರೀ ಅಮರೇಶ್ವರ ಸದಸ್ಯರು. ಕಂಪ್ಯೂಟರುಗಳು ಹೊಸ ಶತಮಾನಕ್ಕೆ ಸುರಕ್ಷಿತವಾಗಿ ದಾಟಿಬಿಟ್ಟಿದ್ದರಿಂದ ಅವರಿಗೆ ಜನವರಿಯಲ್ಲಿ ಪರೀಕ್ಷಿಸಲು ಏನೂ ಉಳಿದಿರಲಿಲ್ಲ.

ನಡೆದ ಸಂಗತಿಗಳು:

1. ಮರುದಿನವೇ, 15-1-2000ರ ಶನಿವಾರ, ಬೆಳಿಗ್ಗೆ 11ರಿಂದ 11.40ರವರೆಗೆ ಪರಿವೀಕ್ಷಣೆ ನಡೆಸಲಾಯಿತು. ಶ್ರೀ ಅಮರೇಶ್ವರ ಅರವತ್ತೆರಡು ಅಂಶಗಳ ಫಾರಂ ಸಿದ್ಧಪಡಿಸಿಕೊಂಡು ಬಂದಿದ್ದರು. ಕಾರಿಡಾರನ್ನು ಹೆಜ್ಜೆಗಳಲ್ಲಿ ಅಳೆಯಲಾಯಿತು. ಕನ್ನಡ ಪುಸ್ತಕ: ಇಲ್ಲ. ಕನ್ನಡ ಬಲ್ಲ ಸಿಬ್ಬಂದಿ: ಇಲ್ಲ. ಸಾರು: ಇದೆ, ಆದರೆ ಅದಕ್ಕೆ ಸೂಪ್ ಎಂದು ಹೆಸರು.

2. ಕರೆಗಂಟೆಗೆ ಎಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆಂದು ತಿಳಿಯಲು ಅದನ್ನು ಒತ್ತಲಾಯಿತು. ಸರಾಸರಿ ತೆಗೆಯಬೇಕಾದ್ದರಿಂದ ಒಂಬತ್ತು ಬಾರಿ ಒತ್ತಲಾಯಿತು. ಒಂಬತ್ತು ಬಾರಿಯೂ ಆರೈಕೆ ಸಹಾಯಕಿ ಮಾರ್ಗರೆಟ್ ಅವರೇ ಬಂದರು. ಕೊನೆಯ ಸಲ ಅವರು ಆಡಿದ ಮಾತನ್ನು ಅನುವಾದಿಸಿ ದಾಖಲಿಸಲಾಗಿದೆ: “ಸಾರ್, ಇಲ್ಲಿ ಯಾರಾದರೂ ಸಾಯ್ತಿದಾರಾ, ಅಥವಾ ನೀವು ಸುಮ್ಮನೆ ಎಣಿಸ್ತಿದೀರಾ?” ಇದಕ್ಕಾಗಿ ಐದು ಅಂಕ ಕಳೆಯಲಾಯಿತು. ಆ ಹೊತ್ತಿನಲ್ಲಿ ಕೊಠಡಿ 112ರ ವೃದ್ಧರಾದ ಶ್ರೀ ಟೋನಿ ಶೌಚಾಲಯದಲ್ಲಿ ಎಬ್ಬಿಸುವವರಿಲ್ಲದೆ ಕುಳಿತಿದ್ದರು. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

3. ಮೇಜಿನ ಮೇಲೆ ಐಸ್ ಹಾಕಿದ ನೀರು ಕಂಡುಬಂದಿತು. ಮೈಸೂರು ಕಡೆಯ ಹಿರಿಯರಿಗೆ ಐಸ್ ನೀರೆಂದು ಹತ್ತು ಅಂಕ ಕಳೆಯಲಾಯಿತು. ತರುವಾಯ ಡ್ರಾಯರ್ ತೆರೆಯಲಾಗಿ, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿಟ್ಟ ಫ್ಲಾಸ್ಕ್ ಒಂದು ಸಿಕ್ಕಿತು. ಸುಟ್ಟುಕೊಳ್ಳುವ ಅಪಾಯದ ದೃಷ್ಟಿಯಿಂದ ಸದರಿ ಸಂಸ್ಥೆಯಲ್ಲಿ ಬಿಸಿನೀರು ನಿಷೇಧ. ಮಾರ್ಗರೆಟ್ ಅವರು ದಿನವೂ ತಮ್ಮ ಸ್ವಂತ ಫ್ಲಾಸ್ಕಿನಲ್ಲಿ ಅದನ್ನು ತಂದುಕೊಡುತ್ತಿದ್ದರು. ‘ಅನಧಿಕೃತ ಬಿಸಿನೀರು’ ಎಂದು ಮತ್ತೆ ಹತ್ತು ಅಂಕ ಕಳೆದು, ಆಡಳಿತಾಧಿಕಾರಿಗೆ ಪತ್ರ ಬರೆಯಲಾಯಿತು. ಮಾರ್ಗರೆಟ್ ಅವರಿಗೆ ಎಚ್ಚರಿಕೆ ನೋಟಿಸ್ ಸಿಕ್ಕಿತು. ಫ್ಲಾಸ್ಕ್ ಜಪ್ತಿಯಾಯಿತು.

4. ಒಟ್ಟು ನೂರಕ್ಕೆ ಮೂವತ್ತೊಂದು. ಇದನ್ನು ಉಲ್ಲೇಖ (1)ರ ಸುತ್ತೋಲೆಯ ಮೂಲಕ 412 ಕುಟುಂಬಗಳಿಗೆ ಇ-ಮೇಲ್ ಮಾಡಲಾಯಿತು. ಪರಿವೀಕ್ಷಣೆಯ ಉದ್ದಕ್ಕೂ ಶ್ರೀಮತಿ ದೇವಮ್ಮ ಮಂಚದ ಮೇಲೆಯೇ ಇದ್ದರು. ಅವರನ್ನು ಏನನ್ನೂ ಕೇಳಲಿಲ್ಲ.

5. ಇ-ಮೇಲ್ ಓದಿದ ಶ್ರೀಮತಿ ಬಿಂದುಶ್ರೀ ಜನವರಿ 30ರಂದು ತಾಯಿಯನ್ನು ಮನೆಗೆ ಕರೆದೊಯ್ದರು. ಬೆಳಗಿನ ಹೊತ್ತು ಬರಬೇಕಿದ್ದ ಕೆಲಸದಾಕೆ ನಾಲ್ಕನೆಯ ದಿನ ಬರಲಿಲ್ಲ. ಎರಡು ಗಂಟೆಯ ಮಟ್ಟಿಗೆ ಏನೂ ಆಗದೆಂದು ಬಿಂದುಶ್ರೀ ಆಫೀಸಿನ ಮೀಟಿಂಗ್‌ಗೆ ಹೋದರು. ದೇವಮ್ಮನವರು ಮಂಚದಿಂದ ಜಾರಿ, ಹತ್ತು ಗಂಟೆಯಿಂದ ಒಂದು ಗಂಟೆ ಹತ್ತು ನಿಮಿಷದವರೆಗೆ ಕಾರ್ಪೆಟ್ಟಿನ ಮೇಲಿದ್ದರು. ಫೋನ್ ಯಾರೂ ಎತ್ತದಿದ್ದಾಗ ಮಗಳು ಕಾರು ತಿರುಗಿಸಿಕೊಂಡು ಬಂದರು. ತಾಯಿ ಮೊದಲು ಹೇಳಿದ್ದು, “ಮೆತ್ತಗೇ ಇತ್ತು ಬಿಡವ್ವ, ಅಳ್‌ಬ್ಯಾಡ.” ಫೆಬ್ರವರಿ 7ರಂದು ಅವರನ್ನು ಕೊಠಡಿ 114ಕ್ಕೆ ಮರಳಿ ಸೇರಿಸಲಾಯಿತು. ಉಲ್ಲೇಖ (2)ರ ಮೂರನೆಯ ಕರೆ ಅಂದಿನದು. ಅದರ ಪಠ್ಯವನ್ನು ಲಗತ್ತಿಸುತ್ತಿಲ್ಲ.

6. ಈ ಹಿನ್ನೆಲೆಯಲ್ಲಿ ಮರುಮೌಲ್ಯಮಾಪನ ಅಗತ್ಯವೆಂದು ಭಾವಿಸಿ, ಫೆಬ್ರವರಿ 19ರಂದು ಸಮಿತಿಯು ಸದರಿ ಸಂಸ್ಥೆಯ ಪಾರ್ಕಿಂಗ್ ಲಾಟಿಗೆ ತೆರಳಿತು. ನೆಲದ ಮೇಲೆ ಮಂಜು ಗಾಜಿನಂತೆ ಕಟ್ಟಿತ್ತು. ಅಧ್ಯಕ್ಷರು ಬಿದ್ದರೆಂದು ಹೇಳಲು ಬರುವುದಿಲ್ಲ, ಅಧ್ಯಕ್ಷರು ಬೀಳಿಸಲ್ಪಟ್ಟರು. ಬೀಳಿಸಿದವರು ಯಾರೂ ಇರಲಿಲ್ಲ. ಫಾರಂಗಳು ಗಾಳಿಗೆ ಹಾರಿದವು. ಶ್ರೀ ಅಮರೇಶ್ವರ ಫಾರಂಗಳ ಹಿಂದೆ ಓಡಬೇಕೋ ಅಧ್ಯಕ್ಷರನ್ನು ಎತ್ತಬೇಕೋ ಎಂದು ನಿಂತು, “ಸಾರ್, ಯಾವ್ದ್ ಮೊದ್ಲ್ ಹಿಡೀಲ್ರಿ?” ಎಂದು ಲಿಖಿತ ಆದೇಶಕ್ಕೆ ಕಾಯುವವರಂತೆ ಕೇಳಿದರು. ಅಧ್ಯಕ್ಷರು ಫಾರಂಗಳತ್ತ ಕೈ ತೋರಿಸಿದರು. ಇದು ಈಗ ಅವರಿಗೆ ಸರಿಯೆನಿಸುತ್ತಿಲ್ಲ.

7. ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ, ನಡೆಯುವ ಅಭ್ಯಾಸಕ್ಕೆಂದು ಆಸ್ಪತ್ರೆಯವರು ಅಧ್ಯಕ್ಷರನ್ನು ಒಂದು ನರ್ಸಿಂಗ್ ಹೋಂಗೆ ಕಳುಹಿಸಿದರು. ಸುತ್ತಮುತ್ತ ಹಾಸಿಗೆ ಖಾಲಿಯಿದ್ದದ್ದು ಸದರಿ ಸಂಸ್ಥೆಯಲ್ಲಿ ಮಾತ್ರ. ಮೊದಲ ದಿನ ಬೆಳಿಗ್ಗೆ ಅಧ್ಯಕ್ಷರಿಗೆ ಬೆಡ್‌ಪ್ಯಾನ್ ಅಗತ್ಯವಾಗಿ ಗಂಟೆ ಒತ್ತಲಾಯಿತು. ಮಾರ್ಗರೆಟ್ ನಾಲ್ಕು ನಿಮಿಷದಲ್ಲಿ ಬಂದರು. ನಾಲ್ಕು ನಿಮಿಷವೆಂದರೆ ಎಷ್ಟು ಉದ್ದವೆಂದು ಅಧ್ಯಕ್ಷರಿಗೆ ಅಂದು ತಿಳಿಯಿತು. ಹನ್ನೊಂದು ಮಂದಿಗೆ ಅವರೊಬ್ಬರೇ ಎಂಬುದು ಮಧ್ಯಾಹ್ನ ತಿಳಿಯಿತು. ಹಿಂದಿನ ವಿಷಯವನ್ನು ಅವರು ಎತ್ತಲಿಲ್ಲ. ಅಧ್ಯಕ್ಷರೂ ಎತ್ತಲಿಲ್ಲ.

8. ಸ್ನಾನ ಮಾಡಿಸಲು ಪುರುಷ ಸಿಬ್ಬಂದಿಯೇ ಆಗಬೇಕೆಂದು ಅಧ್ಯಕ್ಷರು ಪಟ್ಟು ಹಿಡಿದ ಕಾರಣ ಮೂರು ದಿನ ಸ್ನಾನವಾಗಲಿಲ್ಲ. ಸದರಿ ಅವಧಿಯನ್ನು ಗಳಿಕೆ ರಜೆಯೆಂದು ಪರಿಗಣಿಸಲಾಗಿದೆ. ನಾಲ್ಕನೆಯ ದಿನ ಮಾರ್ಗರೆಟ್ ಬಕೆಟ್ ತಂದಿಟ್ಟು, “ಮಿಸ್ಟರ್ ಮೂರ್ತಿ, ನಾನು ಒಬ್ಬ ಜಡ್ಜ್‌ಗೂ ಸ್ನಾನ ಮಾಡಿಸಿದೀನಿ. ನೀವು ಕಣ್ಣು ಮುಚ್ಚಿಕೊಳ್ಳಿ, ನಾನು ಗೋಡೆ ನೋಡ್ತೀನಿ” ಎಂದರು. ಕಣ್ಣು ಮುಚ್ಚಲಾಯಿತು. ಬೆನ್ನು ಉಜ್ಜುವಾಗ ಅವರು “ನೋವಾ?” ಎಂದು ಕೇಳಿದರು. ಕನ್ನಡದಲ್ಲಿ. ‘ನೋವಾ’, ‘ಬೇಕಾ’, ‘ಸಾಕಾ’ ಎಂಬ ಮೂರು ಪದಗಳನ್ನು ದೇವಮ್ಮನವರು ಕಲಿಸಿದ್ದರಂತೆ. ಕಣ್ಣು ತೆರೆಯಲಾಯಿತು.

9. ಮಾರ್ಚ್ 4ರಂದು ಶ್ರೀಮತಿ ದೇವಮ್ಮ ಗಾಲಿಕುರ್ಚಿಯಲ್ಲಿ ಅಧ್ಯಕ್ಷರ ಕೊಠಡಿ 108ಕ್ಕೆ ಬಂದು, “ಏನ್ ಸ್ವಾಮಿ, ನೋಡಕ್ ಬಂದೋರು ಇಲ್ಲೇ ಉಳ್ಕಂಡ್ರಾ?” ಎಂದು ವಿಚಾರಿಸಿದರು. ಅಧ್ಯಕ್ಷರು ಹೊಸ ಫಾರಂ ತೆಗೆದು, ಮಾರ್ಗರೆಟ್ ಅವರ ಸೇವೆಗೆ ನೂರಕ್ಕೆ ಎಷ್ಟು ಅಂಕವೆಂದು ಕೇಳಿದರು. ಅವರ ಹೇಳಿಕೆ:

“ಅಂಕ ಕೊಡಕ್ಕೆ ಅವ್ಳೇನ್ ಪರೀಕ್ಷೆ ಬರ್ದಿದ್ಲಾ? ಬೆಳಿಗ್ಗೆ ತಲೆ ಬಾಚ್ತಾಳೆ. ಒಸಿ ಎಳೀತಾಳೆ, ಆದ್ರೂ ಬಾಚ್ತಾಳೆ. ಬಿಸ್ನೀರ್ ತತ್ತಿದ್ಲು, ಅದ್ನ ನೀವು ಕಿತ್ಕಂಡ್ರಿ. ನಂದೇನೋ ನಡೀತದೆ ಸ್ವಾಮಿ. ನನ್ ಮಗ್ಳು ವಾರ್ ವಾರ ಬತ್ತಾಳೆ, ಆ ಕುರ್ಚೀಲ್ ಕೂತ್ಕಂಡು ಅಳ್ತಾಳೆ. ಹೋಯ್ತಾಳೆ. ನಾಲಕ್ ಜನ ನಾಲಕ್ ಮಾತಾಡಿದ್ದು ಅವ್ಳ್ ತಲೇಲದೆ. ಅದ್ನ ನಿಲ್ಸಕ್ಕೆ ನಿಮ್ತಾವ ಫಾರಂ ಇದ್ಯಾ?”

ಇಲ್ಲವೆಂದು ತಿಳಿಸಲಾಯಿತು.

ಆದೇಶ:

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ, ಬಹುಪಾಲು ಮಲಗಿಕೊಂಡೇ, ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಿದೆ.

10. ಮೂವತ್ತೊಂದು ಅಂಕಗಳನ್ನು ಹಿಂಪಡೆಯಲಾಗಿದೆ. ಬದಲಿ ಅಂಕ ನೀಡುವುದಿಲ್ಲ. “ಕಾಲಂ ಖಾಲಿ ಬಿಟ್ರ ಅಂಕ ಕೂಡ್ಸೋ ಪ್ರೋಗ್ರಾಂ ಕ್ರ್ಯಾಶ್ ಆಗ್ತದ್ರಿ, ಸಾರ್” ಎಂದು ಶ್ರೀ ಅಮರೇಶ್ವರ ಫೋನಿನಲ್ಲಿ ಆಕ್ಷೇಪಿಸಿದ್ದು, ಕ್ರ್ಯಾಶ್ ಆಗತಕ್ಕದ್ದೆಂದು ನಿರ್ದೇಶಿಸಿದೆ.

11. ಮಾರ್ಗರೆಟ್ ಅವರ ನೋಟಿಸ್ ರದ್ದುಪಡಿಸುವಂತೆ ಕೋರಿ ಅಧ್ಯಕ್ಷರು ಆಡಳಿತಾಧಿಕಾರಿಗೆ ಮೂರು ಅನುಬಂಧಗಳುಳ್ಳ ಒಂಬತ್ತು ಪುಟಗಳ ಕ್ಷಮಾಪಣೆಯನ್ನು ಖುದ್ದಾಗಿ ಓದಿದರು. ಎರಡನೆಯ ಪುಟದಲ್ಲೇ ನೋಟಿಸ್ ರದ್ದಾಯಿತು. ಉಳಿದ ಏಳು ಪುಟಗಳನ್ನೂ ಓದಲಾಯಿತು. ಕೊಠಡಿ 114ಕ್ಕೆ ದಿನಕ್ಕೆ ಮೂರು ಬಾರಿ, ಮುಚ್ಚಳವಿರುವ ಲೋಟದಲ್ಲಿ ಬಿಸಿನೀರು ಮಂಜೂರಾಗಿದೆ. ಶಾಖವನ್ನು ಅಧ್ಯಕ್ಷರು ಬಲಗೈ ಕಿರುಬೆರಳಿನಿಂದ ದೃಢೀಕರಿಸತಕ್ಕದ್ದು. ಅವರ ಗೈರುಹಾಜರಿಯಲ್ಲಿ ಸಮಾನ ದರ್ಜೆಯ ಕಿರುಬೆರಳು ಸಾಕು.

12. ಕರೆಗಂಟೆಯನ್ನು ಅಗತ್ಯವುಳ್ಳವರು ಮಾತ್ರ ಒತ್ತತಕ್ಕದ್ದು. ಅಭ್ಯಾಸ ಬೇಕಿರುವ ಸದಸ್ಯರು ತಮ್ಮ ಮನೆಯ ಬಾಗಿಲಿನ ಗಂಟೆಯನ್ನು ಒತ್ತಿಕೊಳ್ಳಬಹುದು. ಅಧ್ಯಕ್ಷರು ವಾಕರ್ ಹಿಡಿದು ಕೊಠಡಿ 112ಕ್ಕೆ ಹೋಗಿ ಜನವರಿಯ ಘಟನೆಗೆ ಕ್ಷಮೆ ಕೇಳಿದ್ದಾರೆ. ಶ್ರೀ ಟೋನಿ ಅವರು, “ನನಗೆ ನೆನಪಿಲ್ಲ. ಆದರೂ ಕೂತ್ಕೊಳ್ಳಿ” ಎಂದಿರುತ್ತಾರೆ. ಕೂರಲಾಗಿದೆ.

13. ಶ್ರೀಮತಿ ಬಿಂದುಶ್ರೀ ಅವರ ಎದುರು ‘ಪಾಪ’ ಎನ್ನುವುದನ್ನು ಕುಟುಂಬಕ್ಕೆ ತ್ರೈಮಾಸಿಕದಲ್ಲಿ ಒಂದು ಬಾರಿಗೆ ಮಿತಿಗೊಳಿಸಿದೆ. ಬಳಸದ ‘ಪಾಪ’ಗಳನ್ನು ಮುಂದಿನ ತ್ರೈಮಾಸಿಕಕ್ಕೆ ಒಯ್ಯಲು ಅವಕಾಶವಿಲ್ಲ. ನಾಲಿಗೆಯಿಂದ ಲೊಚಗುಟ್ಟುವುದನ್ನು ಅರ್ಧ ‘ಪಾಪ’ ಎಂದು ಎಣಿಸಲಾಗುವುದು.

14. “ನಾವಾಗಿದ್ರೆ ಮನೇಲೇ ನೋಡ್ಕೋತಿದ್ವಿ” ಎನ್ನಲಿಚ್ಛಿಸುವವರು ಮುಂಚಿತವಾಗಿ ನಮೂನೆ 7ನ್ನು ತುಂಬತಕ್ಕದ್ದು: ವಾರದ ದಿನಗಳಲ್ಲಿ ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಮನೆಯಲ್ಲಿರುವವರ ಸಂಖ್ಯೆ, ಸ್ನಾನದ ಮನೆಯ ಬಾಗಿಲಿನ ಅಗಲ, ಅರವತ್ತೆಂಟು ಕಿಲೋ ತೂಕದ ವ್ಯಕ್ತಿಯನ್ನು ನೋಯಿಸದೆ ಮಗ್ಗುಲಾಗಿಸಿದ ಅನುಭವ, ಸಾಕ್ಷಿಗಳ ಸಹಿಯೊಂದಿಗೆ. ನಮೂನೆ ತುಂಬದೆ ಸದರಿ ವಾಕ್ಯ ಆಡಿದವರನ್ನು ಮಂಗಳವಾರ ಮಧ್ಯಾಹ್ನ ದೇವಮ್ಮನವರೊಂದಿಗೆ ಮೂರು ಗಂಟೆ ಚೌಕಾಬಾರ ಆಡಲು ನಿಯೋಜಿಸಲಾಗುವುದು. ಅವರು ಕಾಯಿ ಕದಿಯುತ್ತಾರೆ. ದೂರು ಸ್ವೀಕರಿಸುವುದಿಲ್ಲ.

15. ಕಳೆದ ಭಾನುವಾರ, ಮಾರ್ಚ್ 19ರಂದು, ಶ್ರೀಮತಿ ಬಿಂದುಶ್ರೀ ಎಂದಿನಂತೆ ಬಂದರು. ಅಧ್ಯಕ್ಷರು ಈ ಸುತ್ತೋಲೆಯ ಕರಡನ್ನು ಅವರಿಗೆ ಓದಲು ಕೊಟ್ಟರು. ಓದಿ, “ಅಂಕಲ್, ಕಾಯಿ ಕದಿಯೋದು ನಿಜ” ಎಂದಷ್ಟೇ ಹೇಳಿ ಮಡಿಸಿಟ್ಟರು. ಆಮೇಲೆ ತಾಯಿಯ ಮಂಚದ ಪಕ್ಕದ ಕುರ್ಚಿಯಲ್ಲಿ, ಕೋಟು ಕೂಡ ತೆಗೆಯದೆ, ಬಾಯಿ ತೆರೆದುಕೊಂಡು ಎರಡು ಗಂಟೆ ನಿದ್ದೆ ಮಾಡಿದರು. ಮಾರ್ಗರೆಟ್ ಬಂದು ಒಂದು ಹೊದಿಕೆ ಹೊದಿಸಿ, ಕಾರಿಡಾರಿನ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ದೇವಮ್ಮನವರು ಯಾರನ್ನೂ ಮಾತಾಡಗೊಡಲಿಲ್ಲ. ಸಮಿತಿಯು ಹಾಜರಿತ್ತು. ಏನನ್ನೂ ಬರೆದುಕೊಳ್ಳಲಿಲ್ಲ.

ಸಹಿ/-
(ಕೇಶವಮೂರ್ತಿ)
ಅಧ್ಯಕ್ಷರು ಹಾಗೂ ಒಳರೋಗಿ

ಪ್ರತಿಗಳು:
1) 412 ಕುಟುಂಬಗಳಿಗೆ, ಜನವರಿಯ ಇ-ಮೇಲನ್ನು ಓದಿದಷ್ಟೇ ಆಸಕ್ತಿಯಿಂದ ಓದಲು ಕೋರಿ.
2) ಶ್ರೀ ಅಮರೇಶ್ವರ, ಸದಸ್ಯರು, ಕ್ರ್ಯಾಶ್ ಆದ ಬಗ್ಗೆ ಅನುಪಾಲನಾ ವರದಿ ಸಲ್ಲಿಸಲು.
3) ಆಡಳಿತಾಧಿಕಾರಿಗಳು, ಸದರಿ ಸಂಸ್ಥೆ, ಇಂಗ್ಲಿಷ್ ಅನುವಾದದೊಂದಿಗೆ. ಅನುಬಂಧಗಳಿಲ್ಲವೆಂದು ಭರವಸೆ ನೀಡಿದೆ.
4) ಶ್ರೀಮತಿ ದೇವಮ್ಮ, ಕೊಠಡಿ 114. ಕನ್ನಡಕ ಸಿಕ್ಕ ಮೇಲೆ.
5) ಕಚೇರಿ ಪ್ರತಿ, ಅಧ್ಯಕ್ಷರ ದಿಂಬಿನ ಕೆಳಗೆ. ಹಾಸಿಗೆ ಬದಲಿಸುವವರು ದಯವಿಟ್ಟು ಗಮನಿಸುವುದು.