ಎಲ್ಲರೂ ನೋಡಿದ ಪುಟ

ಪುಟ ಚೆನ್ನಾಗಿ ಬಂದಿದೆ ಅನ್ನಿಸಿದಾಗ ಗೋಂದಣ್ಣ ಸುಮ್ಮನಿದ್ದುಬಿಡಬೇಕಿತ್ತು. ಹೊಸದಾಗಿ ಕಲಿತವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಪರದೆಯ ಮೇಲ್ತುದಿಯಲ್ಲಿ ಕಂಡ ವಿಳಾಸವನ್ನು ಹಾಗೇ ನಕಲು ಮಾಡಿ, "ನಮ್ಮ ಗ್ರಂಥಾಲಯದ ವೆಬ್‌ಸೈಟ್. ನೋಡಿ, ಸಲಹೆ ಕೊಡಿ" ಎಂದು ಬೆಳಿಗ್ಗೆಯೇ ಎಲ್ಲರ ಫೋನಿಗೂ ಕಳಿಸಿದ.

ಗೋಂದಣ್ಣ ಗ್ರಂಥಾಲಯದ ಬೈಂಡರ್. ಹನ್ನೆರಡು ವರ್ಷದಿಂದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದ. ಹೊರಗೆ ಮಳೆಯೋ ಬಿಸಿಲೋ ಎಂಬುದು ಮೆಟ್ಟಿಲಿಳಿದು ಬರುವವರ ಚಪ್ಪಲಿ ನೋಡಿದರೇ ಗೊತ್ತಾಗುತ್ತಿತ್ತು. "ವೆಬ್‌ಸೈಟ್ ಮಾಡಿ ನೋಡಿಕೊಳ್ಳೋರಿಗೆ ಮಹಡಿ ಮೇಲಿನ ಕಿಟಕಿ ಕೋಣೆ" ಎಂದು ಮುಖ್ಯಸ್ಥೆ ಮೇಡಂ ಹೇಳಿದ್ದೇ ತಡ, ಹೆಂಡತಿಯ ಗೊಣಗಾಟದ ನಡುವೆ ಮೂರು ತಿಂಗಳು ಕೋಡಿಂಗ್ ಕಲಿತಿದ್ದ. ಇವತ್ತು ಸಂಜೆ ಐದಕ್ಕೆ ತೀರ್ಮಾನ. ಆ ಕಿಟಕಿ ಅವನಿಗೆ ಬೇಕೇ ಬೇಕಿತ್ತು.

ಮೊದಲ ಉತ್ತರ ಕ್ಯಾಟಲಾಗ್ ವಿಭಾಗದ ಅಕ್ಕನದು. "ಚೆನ್ನಾಗಿದೆ ಕಣೋ. ಬಣ್ಣ ಮಾತ್ರ ಸ್ವಲ್ಪ ಜಾಸ್ತಿಯಾಯ್ತು."

ಗೋಂದಣ್ಣ ನೀಲಿ ತೆಗೆದು ಬೂದು ಹಾಕಿದ. ಅಷ್ಟರಲ್ಲಿ ಗೇಟಿನ ಕಾವಲುಗಾರ ತಾನೇ ಕೆಳಗಿಳಿದು ಬಂದ.

"ನೋಡಿದೆ. ಏನೋ ಸಪ್ಪೆ ಸಪ್ಪೆ. ಹೊಸಬ್ರೆಲ್ಲ ಮಾಡೋ ತಪ್ಪೇ ಇದು. ಅಕ್ಷರ ದೊಡ್ಡದು ಮಾಡಿ."

"ನಿಮಗೂ ಕೋಡಿಂಗ್ ಬರುತ್ತಾ?"

"ಗೇಟಲ್ಲಿ ಕೂತೋನಿಗೆ ಬರದೇ ಇರೋದು ಯಾವುದಿದೆ?"

ಅಕ್ಷರ ದೊಡ್ಡದಾದ ಕೂಡಲೇ ಚಿತ್ರ ಪಕ್ಕಕ್ಕೆ ಜಾರಿತು. ಚಿತ್ರವನ್ನು ಎಳೆದು ತಂದರೆ ಪುಸ್ತಕಗಳ ಪಟ್ಟಿ ಕೆಳಗೆ ಬಿತ್ತು. ಗಿಡ್ಡ ಹೊದಿಕೆಯಂತೆ, ತಲೆ ಮುಚ್ಚಿದರೆ ಕಾಲು ಹೊರಗೆ. ಮಧ್ಯಾಹ್ನ ಮೇಡಂ ಕೂಡ ಬರೆದರು: "ನೋಡಿದೆ. ಇನ್ನೂ ಸುಧಾರಿಸಬಹುದು." ಗೋಂದಣ್ಣ ಊಟದ ಡಬ್ಬಿ ಮುಚ್ಚಿಟ್ಟ. ದಿಕ್ಕು ತೋಚದೆ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದ.

"ಭಾವ, ಹೊಸದಾಗಿ ಕಲಿಯೋರಿಗೆ ನಾನು ಹೇಳೋದು ಒಂದೇ. ಕಡಿಮೆ ಇದ್ದಷ್ಟೂ ಚೆಂದ. ತೆಗೀತಾ ಹೋಗಿ."

"ನೀನೆಷ್ಟು ವೆಬ್‌ಸೈಟ್ ಮಾಡಿದ್ದೀಯಪ್ಪ?"

"ಮಾಡೋರು ಬೇರೆ, ಹೇಳೋರು ಬೇರೆ ಭಾವ."

ಗೋಂದಣ್ಣ ತೆಗೆಯುತ್ತ ಹೋದ. ನಾಲ್ಕೂವರೆಗೆ "ಬದಲಾಯಿಸಿದ್ದೇನೆ, ಮತ್ತೆ ನೋಡಿ" ಎಂದು ಕಳಿಸಿ ಪರದೆ ನೋಡಿದರೆ, ಅಲ್ಲಿ ಏನೂ ಇಲ್ಲ. ಯಾವ ಸಾಲಿನ ಜೊತೆ ಯಾವುದು ಹೋಯಿತೋ, ಪುಟ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು. ಹಳೆಯದರ ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ.

ಫೋನ್ ಟಿಣ್ ಎಂದಿತು. ಅಕ್ಕ: "ಈಗ ಬಂತು ನೋಡು ಕಳೆ." ಹಿಂದೆಯೇ ಕಾವಲುಗಾರ: "ಅಕ್ಷರ ಈಗ ಎಷ್ಟು ಸ್ಪಷ್ಟ."

ಗೋಂದಣ್ಣ ಬಿಳಿ ಪರದೆಯನ್ನು ಎರಡು ಸಲ ಒರೆಸಿ ನೋಡಿದ.

ಐದಕ್ಕೆ ಮೇಡಂ ಕೋಣೆಯಲ್ಲಿ ನಿಂತಾಗ ಅವನ ಮುಖ ಇಂಗು ತಿಂದ ಮಂಗನಂತಿತ್ತು. ಮೇಡಂ ಮೊದಲ ಬಾರಿಗೆ ಆ ವಿಳಾಸವನ್ನು ಒತ್ತಿದರು. ತೆರೆಯಲಿಲ್ಲ. ಕನ್ನಡಕ ಏರಿಸಿ ಓದಿದರು.

"ಇದು ನಿಮ್ಮ ಕಂಪ್ಯೂಟರ್ ಒಳಗಿನ ಫೋಲ್ಡರ್ ವಿಳಾಸ ಕಣ್ರೀ. ನಿಮ್ಮೊಬ್ಬರಿಗೆ ಬಿಟ್ಟು ಇನ್ಯಾರಿಗೂ ಕಾಣಲ್ಲ."

"ಯಾರಿಗೂ?"

"ಯಾರಿಗೂ."

ಗೋಂದಣ್ಣನಿಗೆ ಬೆಳಗಿನ ನೀಲಿ ಪುಟ ನೆನಪಾಯಿತು. ಅದು ಎಷ್ಟು ಚೆನ್ನಾಗಿತ್ತು.

"ಮೇಡಂ, ಮಧ್ಯಾಹ್ನ ನೀವು ನೋಡಿದೆ ಅಂತ..."

ಮೇಡಂ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. "ಆ ವಿಷಯ ನಮ್ಮಿಬ್ಬರಲ್ಲೇ ಇರಲಿ. ನಾನು ನಮ್ಮ ಗ್ರಂಥಾಲಯ ಸಮಿತಿ ಅಧ್ಯಕ್ಷರಿಗೂ ಕಳಿಸಿಬಿಟ್ಟಿದ್ದೆ. ಅವರಿಗೆ ತುಂಬಾ ಹಿಡಿಸಿದೆಯಂತೆ. ಒಂದು ತಪ್ಪೂ ಇಲ್ಲ ಅಂದ್ರು."

ಗೋಂದಣ್ಣನ ಜೀವ ಮರಳಿತು. "ಹಾಗಾದ್ರೆ ಕಿಟಕಿ ಕೋಣೆ?"

"ಅದನ್ನೂ ಬರೆದಿದ್ದಾರೆ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿದ ಮೇಲೆ, ಇನ್ನು ಅದಕ್ಕೊಬ್ಬ ಮನುಷ್ಯ, ಒಂದು ಕೋಣೆ ಯಾಕೆ ಅಂತ."

ಗೋಂದಣ್ಣ ಬಾಯಿ ತೆರೆದ. ಮೇಡಂ ಅವನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ನೆಲಮಾಳಿಗೆಗೆ ಇಳಿದ.

ಮೆಟ್ಟಿಲ ಬಳಿ ಕಾವಲುಗಾರ ಬೆನ್ನು ತಟ್ಟಿದ. "ಅಧ್ಯಕ್ಷರೇ ಮೆಚ್ಚಿದ್ರಂತೆ. ಕೊನೆಗೂ ಗೆದ್ರಿ ನೋಡಿ. ನನ್ನ ಮಾತು ಕೇಳಿದ್ದಕ್ಕೆ."

ಅವನ ಚಪ್ಪಲಿ ಒದ್ದೆಯಾಗಿತ್ತು. ಹೊರಗೆ ಮಳೆ ಬರುತ್ತಿರಬೇಕು.