ವೀರಗಲ್ಲಿಗೆ ಅಪ್ಪನ ಟೇಪು

ಈಗಲೂ ಯಾರಾದರೂ “ನೀವು ಎಂ.ಎ. ಯಾತರಲ್ಲಿ ಮಾಡಿದ್ದು?” ಅಂತ ಕೇಳಿದರೆ, ಉತ್ತರ ಹೇಳುವ ಮೊದಲು ಕೂರಾಕೆ ಜಾಗ ಎಲ್ಲಿದೆ ಅಂತ ನೋಡಿಕೊಳ್ತೀನಿ. “ಕಲಾ ಇತಿಹಾಸ” ಅಂದರೆ ಮಾತು ಅಲ್ಲಿಗೆ ಮುಗಿಯಲ್ಲ, ಅಲ್ಲಿಂದ ಶುರುವಾಗತೈತೆ. ನಲವತ್ತು ವರ್ಷದಿಂದ ನಾನು ವಿವರಿಸ್ತಾನೇ ಇದ್ದೀನಿ, ಜನ ನಗ್ತಾನೇ ಇದ್ದಾರೆ. ಅವರ ನಗುವಿಗೆ ಕಾರಣ ಇಲ್ಲ ಅಂತ ನಾನೂ ಹೇಳಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಪ್ಪ ನ್ಯಾಮತಿಯಲ್ಲಿ ಟೈಲರ್. ಒಂದು ಮಿಷನ್, ಒಂದು ಕಟಿಂಗ್ ಟೇಬಲ್, ಕೊರಳಲ್ಲಿ ಸದಾ ಒಂದು ಟೇಪು. ಮಗ ಕಾಲೇಜು ಮುಗಿಸಿ ಮೇಷ್ಟ್ರಾಗ್ತಾನೆ ಅಂತ ಅವನು ಕಾಯ್ತಾ ಕುಂತಿದ್ದರೆ, ನಾನು ವೀರಗಲ್ಲು ಓದಾಕೆ ಹೊರಟೆ. ಹಳೇ ಕಾಲದಲ್ಲಿ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ನಮ್ಮ ಕಡೆ ಊರಿಗೆ ನಾಲ್ಕು ಸಿಗ್ತವೆ. ಎರಡನೇ ವರ್ಷ ಅದರ ಮೇಲೆ ಒಂದು ಪ್ರಬಂಧ ಬರೀಬೇಕಿತ್ತು. ಅಪ್ಪ ಒಂದೇ ಮಾತು ಹೇಳಿದ: “ಈ ವರ್ಷ ಪಾಸಾದ್ರೆ ಸರಿ. ಇಲ್ಲ ಅಂದ್ರೆ ಸುಮ್ನೆ ಬಂದು ಮಿಷನ್ ತುಳಿ.”

ಯೂನಿವರ್ಸಿಟಿಯಲ್ಲಿ ನನ್ನ ಗೈಡ್ ಮೇಷ್ಟ್ರದೂ ಒಂದೇ ಮಾತು. ಏನು ಹೇಳಿದರೂ ಕನ್ನಡಕದ ಮೇಲಿಂದ ನೋಡಿ “ಆಧಾರ?” ಅನ್ನೋರು. “ಹೊಸದು ಒಂದಾದರೂ ಇರಬೇಕು ಕಣಯ್ಯಾ. ಇನ್ನೊಬ್ಬರು ಬರೆದಿದ್ದನ್ನೇ ಬರೆದು ತಂದರೆ ನಾನು ಸಹಿ ಹಾಕಲ್ಲ.” ಹೀಗೆ ಒಂದು ಕಡೆ ಮಿಷನ್, ಇನ್ನೊಂದು ಕಡೆ ಆಧಾರ. ನಡುವೆ ನಾನು, ನನ್ನ ಅಟ್ಲಾಸ್ ಸೈಕಲ್ಲು.

ದಿನಕ್ಕೆ ಎಷ್ಟು ಲೋಡು?

ಹೊನ್ನಾಳಿಯಿಂದ ಒಂದು ಹೆಣ್ಣಿನ ಕಡೆಯವರು ಬಂದರು. ಮಧ್ಯಸ್ಥಿಕೆ ಮಾಡಿದ ನಮ್ಮ ಸೋದರಮಾವ ಮೊದಲೇ ಹೇಳಿಟ್ಟಿದ್ದ: “ಹುಡುಗ ಕಲ್ಲಿನ ಲೈನಿನಾಗೆ ಅದಾನೆ.”

ಹುಡುಗಿ ತಂದೆ ಮಂಡಕ್ಕಿ ಮೆಣಸಿನಕಾಯಿ ತಿಂತಾ ಬಲು ಖುಷಿಯಿಂದ ಕೇಳಿದರು, “ಕಲ್ಲು ಎಲ್ಲೆಲ್ಲಿ ಅದಾವಪ್ಪ ನಿಮ್ಮವು?”

“ಚನ್ನಗಿರಿ, ಜಗಳೂರು, ಹೊನ್ನಾಳಿ, ಎಲ್ಲಾ ಕಡೆ ಅದಾವೆ ರೀ.”

“ಭಲೇ! ದಿನಕ್ಕೆ ಎಷ್ಟು ಲೋಡು ಹೋಗತೈತೆ?”

“ಲೋಡು ಇಲ್ಲ ರೀ. ನಾನು ಹೋಗಿ ಕಲ್ಲಿನ ಮುಂದೆ ಕುಂತು ನೋಡಿ ಬರ್ತೀನಿ.”

ಅವರು ಕೈಯಲ್ಲಿದ್ದ ಮೆಣಸಿನಕಾಯಿ ತಟ್ಟೆಗೆ ವಾಪಸ್ ಇಟ್ಟರು. “ನೋಡಿ ಏನು ಮಾಡ್ತೀಯಾ?”

“ಬರಕೋತೀನಿ.”

ಅವರು ಸೋದರಮಾವನನ್ನ ಹೊರಗೆ ಕರಕೊಂಡು ಹೋಗಿ ಪಿಸುಗುಟ್ಟಿದ್ದು ಒಳಗಿದ್ದ ನಮಗೆಲ್ಲ ಕೇಳಿಸ್ತು: “ಹಿಂಗೆ ಎಷ್ಟು ದಿನದಿಂದ ಐತಪ್ಪ ಹುಡುಗಗೆ? ಯಾರಿಗಾದ್ರೂ ತೋರ್ಸಿದ್ರಾ?”

ಬಿಳಿಚೋಡು ಕಡೆಯ ಮಳೆ

ಕಲ್ಲಿನ ಮೇಲಿನ ಕೆತ್ತನೆಯನ್ನ ಕಾಗದಕ್ಕೆ ಇಳಿಸೋದಕ್ಕೆ ಪಡಿಯಚ್ಚು ಅಂತಾರೆ. ಕಲ್ಲನ್ನ ಚೆನ್ನಾಗಿ ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಪಟಪಟ ಬಡಿದು, ಮೇಲೆ ಮಸಿ ತಟ್ಟಬೇಕು. ಒಣಗಿದ ಮೇಲೆ ಬಿಡಿಸಿಕೊಂಡರೆ ಕಲ್ಲಿನಲ್ಲಿದ್ದದ್ದು ಅಷ್ಟೂ ಅದೇ ಅಳತೆಯಲ್ಲಿ ಕಾಗದದಲ್ಲಿ ಬಂದಿರತೈತೆ.

ಜಗಳೂರು ತಾಲ್ಲೂಕು, ಬಿಳಿಚೋಡು ಹತ್ತಿರ ಒಂದು ಹಳ್ಳಿ. ನಾನು ಕಾಗದ ಅಂಟಿಸಿದ ಕೂಡಲೇ ಒಬ್ಬ ಕುರಿ ಕಾಯೋ ಹಿರಿಯರು ಬಂದು ಕೋಲೂರಿ ನಿಂತರು.

“ಯಾವ ಪಾರ್ಟಿಯೋ ತಮ್ಮಾ?”

“ಪಾರ್ಟಿ ಅಲ್ಲ ಅಜ್ಜಾ, ನಾನು ಓದಾಕೆ ಬಂದೀನಿ.”

“ಎಲ್ಲಾರೂ ಹಂಗೇ ಅಂತಾರೆ. ಗೋಡೆ ಆತು, ಈಗ ದೇವರ ಮೈಮೇಲೂ ಅಂಟ್ಸಾಕೆ ಹತ್ತಿದ್ರೇನು?”

ಇಲ್ಲಪ್ಪಾ ಇಲ್ಲ ಅಂತ ಅವರಿಗೆ ಬಿಡಿಸಿ ಹೇಳಿ ಮಸಿ ತಟ್ಟಿ ಮುಗಿಸಿದೆ. ಕಾಗದ ಒಣಗಲಿ ಅಂತ ಬೇವಿನ ಮರದ ಕೆಳಗೆ ಕುಂತೆ. ಆಗ ಬಂತು ನೋಡಿ ಮಳೆ! ಆ ವರ್ಷದ ಮೊದಲನೇ ಮಳೆಯಂತೆ. ಐದು ನಿಮಿಷಕ್ಕೆ ನನ್ನ ಮಸಿಯೆಲ್ಲಾ ಕರಗಿ ಹರಿದುಹೋಯ್ತು. ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದರೆ ಊರೆಲ್ಲಾ ಓಡಿ ಬಂದು ನನ್ನ ಕುತ್ತಿಗೆಗೆ ಹಾರ ಹಾಕ್ತು. ಆ ಕಲ್ಲಿನ ಮೈ ತೊಳೆದರೆ ಮಳೆ ಬರತೈತೆ ಅಂತ ಅಲ್ಲಿನವರ ನಂಬಿಕೆ. ನಾನು ಚೆನ್ನಾಗೇ ತೊಳೆದಿದ್ದೆ, ತೆಂಗಿನ ನಾರು ಹಾಕಿ ತಿಕ್ಕಿ!

ಅವತ್ತು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಕ್ಕಿದರು. ಅಳು ನುಂಗಿಕೊಂಡೇ ಎಂಟು ರೊಟ್ಟಿ ತಿಂದೆ. ಮುಂದಿನ ಬೇಸಿಗೆಗೆ ನ್ಯಾಮತಿ ವಿಳಾಸಕ್ಕೆ ಒಂದು ಕಾರ್ಡು ಬಂತು: “ಈ ವರ್ಷ ಇನ್ನೂ ಆಗಿಲ್ಲ. ತಾವು ಬಂದು ಕಲ್ಲು ತೊಳೆದು ಹೋಗುವುದು. ಕಾಗದ ಅಂಟಿಸದಿದ್ದರೂ ನಡೆಯುತ್ತದೆ.”

ಸೂಳೆಕೆರೆಯ ಮೂವತ್ತಾರು ಫೋಟೋ

ಸ್ಟುಡಿಯೋದಿಂದ ಒಂದು ಕ್ಯಾಮೆರಾ ಎರವಲು ತಂದು ಸೂಳೆಕೆರೆ ಸುತ್ತಿನ ಹಳ್ಳಿಗಳಿಗೆ ಹೋದೆ. ಒಂದು ರೀಲು, ಮೂವತ್ತಾರು ಫೋಟೋ. ಕಲ್ಲು ಎಷ್ಟು ಎತ್ತರ ಅಂತ ಗೊತ್ತಾಗಬೇಕು, ಪಕ್ಕದಲ್ಲಿ ಅಳತೆ ಕೋಲು ಇಟ್ಟೇ ತೆಗೀಬೇಕು ಅಂತ ಮೇಷ್ಟ್ರ ಆಜ್ಞೆ. ಕೋಲು ಮನೇಲೇ ಮರೆತಿದ್ದೆ. ಸರಿ, ಅಲ್ಲೇ ಬಲೆ ಒಣಹಾಕುತ್ತಿದ್ದ ಒಬ್ಬರನ್ನ ಕರೆದು “ಅಣ್ಣಾ, ಈ ಕಲ್ಲಿನ ಪಕ್ಕ ಸ್ವಲ್ಪ ನಿಂತ್ಕೊಳ್ರಿ” ಅಂದೆ. ಅದೇ ನಾನು ಮಾಡಿದ ತಪ್ಪು.

ಅವರು “ಒಂದು ನಿಮಿಷ” ಅಂತ ಹೋದವರು ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ, ನಾಲ್ಕು ಮಕ್ಕಳು, ಅತ್ತೆ, ಒಂದು ಮೇಕೆ ಸಮೇತ ಬಂದರು. ಮುಂದಿನ ಊರಿಗೆ ಹೋಗೋಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಅಲ್ಲಿ ಕಲ್ಲಿನ ಮುಂದೆ ಬೆಂಚು ಹಾಕಿಕೊಂಡು ಜನ ಕಾಯ್ತಾ ಕುಂತಿದ್ದರು. ಬ್ಯಾಡ ಅನ್ನಾಕೆ ನನಗೆ ಬಾಯಿ ಬರಲಿಲ್ಲ. ಮನೇಲಿ ಒಂದು ಫೋಟೋ ಕೂಡ ಇಲ್ಲದ ಜನ, ಎಷ್ಟು ಆಸೆಯಿಂದ ನಿಂತಿದ್ದರು!

ಮೇಷ್ಟ್ರು ಫೋಟೋಗಳನ್ನ ಒಂದೊಂದಾಗಿ ತಿರುವಿ ಹಾಕಿದರು. “ಕಲ್ಲು ಎಲ್ಲಯ್ಯಾ?”

“ಇವರ ಹಿಂದೆ ಐತೆ ಸಾರ್.”

“ಆಧಾರ?”

ಅಪ್ಪ ಅಳತೆ ತಗೊಂಡಿದ್ದು

ಮಾರ್ಚ್ ಬಂತು. ಕೈಯಲ್ಲಿ ಹೊಸದು ಅಂತ ಒಂದೂ ಇರಲಿಲ್ಲ. ಸೂರಗೊಂಡನಕೊಪ್ಪದ ದಾರಿಯಲ್ಲಿ ಒಂದು ಹಳ್ಳಿ, ನಮ್ಮನೆಯಿಂದ ಸೈಕಲ್ಲಿನ ದೂರ. ಅಲ್ಲಿ ಕೊನೇ ಕಲ್ಲು. ಒಬ್ಬ ವೀರ ಹುಲಿಗೆ ಈಟಿ ಹಾಕಿದಂತೆ ಕೆತ್ತಿತ್ತು, ಮುಖ ಪೂರ್ತಿ ಸವೆದಿತ್ತು. ಊರಿನ ಗಂಡಸರನ್ನ ಕೇಳಿದೆ. “ಯಾವನೋ ಹಳೇ ಕಾಲದ ಪೈಲ್ವಾನ ಕಣಪ್ಪ” ಅಂದರು. ಎಂಟು ದಿನ ಅಲ್ಲೇ ಕುಂತು ಬರಕೊಂಡೆ. ಎದುರು ಮನೆಯ ಅಜ್ಜಿ ದಿನಾ ಚೊಂಬಿನಲ್ಲಿ ನೀರು ಕೊಡೋಳು. ಕಲ್ಲಿನ ಬುಡದಲ್ಲಿ ಹಸಿರು ಬಳೆ ಚೂರು ರಾಶಿ ಬಿದ್ದಿದ್ದವು, ಕಾಲಿಗೆ ಚುಚ್ಚುತಾವೆ ಅಂತ ನೀಟಾಗಿ ಗುಡಿಸಿ ಬೇಲಿಯಾಚೆ ಹಾಕಿದೆ.

ಪಡಿಯಚ್ಚು ಮನೆಗೆ ತಂದು ಅಪ್ಪನ ಕಟಿಂಗ್ ಟೇಬಲ್ ಮೇಲೆ ಹರಡಿದೆ. ಅಪ್ಪ ಬೈಯ್ಯಾಕೆ ಅಂತಲೇ ಎದ್ದು ಬಂದವನು ಹಾಗೇ ನಿಂತುಬಿಟ್ಟ. ಕೊರಳಿನ ಟೇಪು ತೆಗೆದು ಆ ಗೇಣುದ್ದದ ಬೊಂಬೆಯ ಭುಜ, ಎದೆ, ಸೊಂಟ ಅಳೆದ. ಇನ್ನೊಂದು ಸಲ ಅಳೆದ.

“ಇದು ಗಂಡಸಲ್ಲ ಕಣೋ.”

“ಸುಮ್ನಿರಪ್ಪಾ, ನಿನಗೇನು ಗೊತ್ತು?”

“ಮೂವತ್ತು ವರ್ಷದಿಂದ ಊರಿನ ಮೈ ಅಳೆದೀನಿ. ನನಗೆ ಗೊತ್ತಿಲ್ದೆ ನಿಮ್ಮ ಮೇಷ್ಟ್ರಿಗೆ ಗೊತ್ತಾ? ಇದು ಹೆಣ್ಣುಮಗಳ ಸೊಂಟ. ಕಚ್ಚೆ ಬಿಗಿದು ನಿಂತಾಳೆ, ನೋಡು.”

ನೋಡಿದೆ. ಹೌದಲ್ಲ ಅನ್ನಿಸ್ತು. ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ: ಹುಲಿಯನ್ನ ಹೊಡೆದು ಸತ್ತ ಹೆಣ್ಣಿನ ವೀರಗಲ್ಲು ಸಾರ್, ಹೊಸದು!

“ಆಧಾರ?”

“ನಮ್ಮಪ್ಪ ಟೈಲರ್, ಸಾರ್.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಾನೇ ಬಂದು ಕಲ್ಲು ನೋಡ್ತೀನಿ. ಹೆಣ್ಣು ಅಂತ ನನಗೂ ಕಂಡರೆ ಸಹಿ. ಇಲ್ಲದಿದ್ದರೆ ನೀನು ನಿಮ್ಮಪ್ಪನ ಹತ್ತಿರ ಹೋಗಿ ಪಾಠ ಕಲಿ.”

ಮೇಷ್ಟ್ರು ಬಂದ ದಿನ

ಯೂನಿವರ್ಸಿಟಿಯಿಂದ ದೊಡ್ಡ ಮೇಷ್ಟ್ರು ನಿಮ್ಮ ಕಲ್ಲು ನೋಡಾಕೆ ಬರ್ತಾರೆ ಅಂತ ಒಂದು ವಾರ ಮೊದಲೇ ಊರಿನ ಗೌಡರಿಗೆ ಹೇಳಿದ್ದೆ. ಸ್ವಲ್ಪ ಚೊಕ್ಕಟ ಮಾಡಿಸಿರಿ ಅಂತ ಬಾಯಿ ತಪ್ಪಿ ಅಂದುಬಿಟ್ಟಿದ್ದೆ.

ಬಸ್ಸಿಳಿದು ಮೇಷ್ಟ್ರನ್ನ ಕರಕೊಂಡು ಹೋದರೆ, ನನ್ನ ಕಲ್ಲು ಫಳಫಳ ಹೊಳೀತಿದೆ! ಮೈತುಂಬಾ ಎಣ್ಣೆ ಬಣ್ಣ. ಹುಲಿಗೆ ಹಳದಿ, ವೀರನಿಗೆ ಗುಲಾಬಿ ಮುಖ, ಕೆಂಪು ಪೇಟ. ಸವೆದು ಹೋಗಿದ್ದ ಮುಖದ ಮೇಲೆ ಕಿವಿಯಿಂದ ಕಿವಿಗೆ ಹುರಿ ಮಾಡಿದ ಕರೀ ಮೀಸೆ.

ಅಪ್ಪನ ಮಿಷನ್ನಿನ ಸದ್ದು ಅಲ್ಲಿಗೇ ಕೇಳಿಸ್ತು.

ಎತ್ತಿನ ಗಾಡಿಗೆ ಬಣ್ಣ ಹೊಡೆಯೋ ಪೇಂಟರ್ ಮುಂದೆ ಬಂದು ಕೈ ಮುಗಿದ. “ಹೆಂಗೈತೆ ಸಾರ್? ರಾತ್ರಿಯೆಲ್ಲಾ ಲಾಟೀನು ಇಟ್ಕೊಂಡು ಹೊಡೆದೀನಿ. ಮೀಸೆ ಇಲ್ದೆ ವೀರ ಅಂತ ಅನ್ಸಾಕಿಲ್ಲ ಅಂತ ನಾನೇ ಹಾಕ್ದೆ.”

ಮೇಷ್ಟ್ರು ನನ್ನ ಕಡೆ ತಿರುಗಿದರು. “ಇವಳೇನಯ್ಯಾ ನಿನ್ನ ಹೆಣ್ಣುಮಗಳು?”

ಹೆಣ್ಣುಮಗಳು ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಎದುರು ಮನೆಯ ಅಜ್ಜಿ ಧಡಧಡ ಇಳಿದು ಬಂದಳು. ಕಲ್ಲು ನೋಡಿದವಳೇ ಪೇಂಟರ್‌ಗೆ ಶುರು ಹಚ್ಚಿಕೊಂಡಳು. “ಅಯ್ಯೋ ನಿನ್ನ ಕೈ ಸೇದಿಹೋಗ! ನಮ್ಮ ಹುಲಿಯವ್ವಗೆ ಮೀಸೆ ಬರೆದಿಯೇನೋ? ಬಸುರಿ ಹೆಂಗಸ್ರು ಹೆರಿಗೆಗೆ ಮೊದಲು ಬಳೆ ಇಡೋ ತಾಯಿ ಕಣೋ ಇವಳು! ನಮ್ಮತ್ತೆ ಇಟ್ಟಾಳೆ, ನಾನಿಟ್ಟೀನಿ, ನಿಮ್ಮವ್ವ ನಿನ್ನ ಹೆರಾಕೆ ಮೊದಲು ಇಲ್ಲೇ ಇಟ್ಟಾಳೆ!”

ಗೌಡರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಹೆಂಗಸರ ಪೂಜೆ, ಗಂಡಸರು ಆ ಹೊತ್ತಿಗೆ ಆ ಕಡೆ ಸುಳಿಯಂಗಿಲ್ಲ. ಹಾಗಾಗಿ ಊರಿನ ಯಾವ ಗಂಡಸಿಗೂ ಗೊತ್ತಿರಲಿಲ್ಲ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಬಹಳ ಮೆತ್ತಗೆ ಕೇಳಿದರು, “ಅಜ್ಜಿ, ಇದನ್ನ ಈ ಹುಡುಗನಿಗೆ ಯಾಕೆ ಹೇಳಲಿಲ್ಲ?”

“ಅವನು ಕೇಳಿದ್ನಾ? ಎಂಟು ದಿನ ನಮ್ಮನೆ ನೀರು ಕುಡಿದ. ಹಾದಿಗೆ ಹೋಗೋ ಗಂಡಸರನ್ನೆಲ್ಲಾ ನಿಲ್ಲಿಸಿ ನಿಲ್ಲಿಸಿ ಕೇಳಿದ. ನನ್ನ ಮುಂದೆ ಬಾಯಿ ಬಿಟ್ರೆ ‘ಇನ್ನೊಂದು ಚೊಂಬು ಕೊಡಜ್ಜಿ’. ಅಷ್ಟೇ ಅಲ್ಲ ಸಾಮೀ, ಇಟ್ಟ ಬಳೆ ಎಲ್ಲಾ ಗುಡಿಸಿ ಬೇಲಿಗೆ ಹಾಕ್ದ!”

ಮೇಷ್ಟ್ರು ನನ್ನನ್ನ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಆಮೇಲೆ ಮೇಷ್ಟ್ರೇ ಪ್ಯಾಂಟು ಮೇಲಕ್ಕೆತ್ತಿ ಬೇಲಿಯಾಚೆ ಹೋಗಿ ಒಂದೊಂದೇ ಬಳೆ ಚೂರು ಆರಿಸಿ ಕರ್ಚೀಫಿಗೆ ಹಾಕಿಕೊಂಡು ಬಂದರು. “ಇದಕ್ಕೆ ಅಂತಾರೆ ಕಣಯ್ಯಾ, ಆಧಾರ!” ನನ್ನ ಪ್ರಬಂಧದ ಕರಡಿಗೆ ಸಹಿ ಅಲ್ಲೇ, ಅಜ್ಜಿ ಮನೆಯ ಕಟ್ಟೆ ಮೇಲೆ ಬಿತ್ತು.

ಇಷ್ಟಾದರೂ ಮೀಸೆ ಉಳಿದಿತ್ತಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದರೆ ಇನ್ನೂ ಕೆನ್ನೆ ತುಂಬಾ ಹರಡಿಕೊಂಡಿತು. ಅಜ್ಜಿ ಕೋಲು ಹಿಡಿದು ನಿಂತಿದ್ದಳು. ಪೇಂಟರ್ ಬೆವರು ಒರೆಸಿಕೊಂಡು ಹೇಳಿದ, “ಅಜ್ಜೀ, ಮೀಸೆ ಹೋಗಾಕಿಲ್ಲ. ಬೇಕಾದ್ರೆ ಒಂದು ಮೂಗುಬೊಟ್ಟು ಹಾಕ್ತೀನಿ.” ಹಾಕಿಯೂ ಬಿಟ್ಟ. ಕೈಗೆ ಎರಡೆರಡು ಹಸಿರು ಬಳೆ ಬೇರೆ. ಪ್ರಬಂಧದಲ್ಲಿರೋ ಫೋಟೋ ಅದೇ.

ಅಪ್ಪನಿಗೆ ಮೊದಲ ಪ್ರತಿ ತೋರಿಸಿದೆ. ಕೃತಜ್ಞತೆಯ ಪುಟದಲ್ಲಿ ಅವನ ಹೆಸರು ಓದಿ ಕಣ್ಣೊರೆಸಿಕೊಂಡ. ಅವನು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಫೋಟೋ ಇದ್ದ ಪುಟ ತೆಗೆದು ಬಹಳ ಹೊತ್ತು ನೋಡಿದ.

“ಅಪ್ಪಾ, ಪುಣ್ಯಕ್ಕೆ ನೀನು ಮೊದಲೇ ಅಳೆದಿದ್ದೆ. ಈ ಮೀಸೆ ಕಂಡಿದ್ರೆ ನೀನೂ ಗಂಡಸು ಅಂತಿದ್ದೆ.”

ಅಪ್ಪ ಟೇಪು ಕೊರಳಿಗೆ ಹಾಕಿಕೊಂಡು ಮಿಷನ್ ಮುಂದೆ ಕುಂತ.

“ಮೀಸೆ ಬರೆದ್ರೆ ಅಳತೆ ಬದಲಾಗತೈತೇನೋ, ಹುಚ್ಚಪ್ಪಾ!”