ಸಾದಾ ಹಾಕ್ಲೋ, ಪವರ್ ಹಾಕ್ಲೋ?

ಎದಿ ಗಟ್ಟಿ ಇದ್ದವರಷ್ಟ ಪೆಟ್ರೋಲ್ ಪಂಪಿನ್ಯಾಗ ನೌಕರಿ ಮಾಡಬೇಕು ನೋಡ್ರಿ. ಮಂದಿ ತಿಳಕೊಂಡಿರ್ತಾರ, ಅಲ್ಲೇನೈತಿ, ಪೈಪ್ ಹಿಡಿಯೂದು, ಗುಂಡಿ ಒತ್ತೂದು, ಮುಗೀತು ಅಂತ. ಎಲ್ಲೀ ಮುಗಿಯೂದು! ಚಿಕ್ಕೋಡಿಯಿಂದ ನಿಪ್ಪಾಣಿಗಿ ಹೋಗೂ ರಸ್ತೆದಾಗ ಒಂದು ಪಂಪಿಗಿ ನಾ ಮ್ಯಾನೇಜರ್. ದಿನಾ ಒಬ್ಬರರ ಬಂದು ನನ್ನ ಎದಿ ಧಸಕ್ ಅನಿಸದ ಹೋಗೂದಿಲ್ಲ.

ನಮ್ಮಲ್ಲಿ ಪೆಟ್ರೋಲು ಎರಡು ಥರದ್ದು. ಒಂದು ಸಾದಾ, ಇನ್ನೊಂದು ಪವರ್. ಪವರ್ ಅಂದ್ರ ತುಟ್ಟೀದು, ದೊಡ್ಡ ಇಂಜಿನ್ನಿನ ಗಾಡಿಗೋಳಿಗಿ. ಸಣ್ಣ ಮೋಟಾರಸೈಕಲ್ಲಿಗಿ ಸಾದಾನ ಸಾಕು, ಗಾಡಿ ಜೋಡಿ ಕೊಡೂ ಬುಕ್ಕಿನ್ಯಾಗೂ ಹಂಗ ಬರದಿರ್ತಾರ. ಇಷ್ಟ ಮಾತು. ಆದ್ರ ಈ ಇಷ್ಟ ಮಾತಿನ ಸಲುವಾಗಿ ನನ್ನ ಮಗಳ ಲಗ್ನಾನ ನಿಂತ ಹೋಗೂದಿತ್ತು ಅಂದ್ರ ನೀವು ನಂಬ್ತೀರೇನು?

ಮಗಳು ಅಥಣಿಯ ಒಂದು ಶಾಲಿಯೊಳಗ ಕಲಸ್ತಾಳ. ಭೋಜ ಅನ್ನೂ ಊರಿಂದ ಸಂಬಂಧ ಬಂದಿತ್ತು. ನಮ್ಮಂಗ ಜೈನರ ಮನಿ, ಕಬ್ಬಿನ ಹೊಲ, ಹುಡುಗ ಶಾಣ್ಯಾ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದ್ರು. ಎರಡೂ ಕಡೆ ಹೆಣ್ಣಮಕ್ಕಳು ಸೀರಿ ಬಣ್ಣದ ತನಕಾ ಮಾತಾಡಿ ಮುಗಿಸಿದ್ರು. ಹುಡುಗನ ಅಜ್ಜ ಒಬ್ಬರು ‘ಹೂಂ’ ಅನ್ನೂದಷ್ಟ ಬಾಕಿ. ಆ ಮನ್ಯಾಗ ಅಜ್ಜಾರು ಹೂಂ ಅನ್ನದ ಹಾಲಿಗಿ ಹೆಪ್ಪೂ ಹಾಕೂದಿಲ್ಲ. ಆ ಒಂದು ಹೂಂ ಬರೂತನಕಾ ನಾ ಏನೇನು ನೋಡಿದೆ, ಕೇಳ್ರಿ.

೧. ಬೀಗರ ಟ್ಯಾಂಕಿ

ನಮ್ಮ ಕಡೆ ಬೀಗರು ಉಣ್ಣಾಕ ಕುಂತ್ರ, ‘ಸಾಕ್ರೀ ಸಾಕು’ ಅಂತ ತಾಟಿನ ಮ್ಯಾಲ ಎರಡೂ ಕೈ ಅಡ್ಡ ಹಿಡಿದ್ರೂ ಕೈಸಂದ್ಯಾಗ ಹೋಳಿಗಿ ತುರುಕೂದು ಪದ್ಧತಿ. ಈ ಪದ್ಧತಿ ಪಂಪಿನ ತನಕಾ ಬಂದೈತಿ ಅನ್ನೂದು ನನಗ ಗೊತ್ತಿರಲಿಲ್ಲ.

ಕರೋಶಿಯ ರೈತರೊಬ್ಬರು ತಮ್ಮ ಬೀಗರನ್ನ ಕರಕೊಂಡ ಬಂದ್ರು. ಬೀಗರದು ಹಳೇ ಸಣ್ಣ ಗಾಡಿ, ಮೈಮ್ಯಾಲ ಹಾಲಿನಂಥ ಧೋತರ. ರೈತರು ದೂರದಿಂದನ ಒದರಿದ್ರು, “ಬೀಗರ ಗಾಡಿಗಿ ಪವರ್ ಹಾಕ್ರಿ!”

“ಕಾಕಾ, ಸಣ್ಣ ಗಾಡಿ ಐತ್ರಿ, ಸಾದಾ ಸಾಕು,” ಅಂದೆ.

“ಏನ್ ಮಾತಾಡ್ತೀರಿ! ಬೀಗರಿಗಿ ಸಾದಾ ಹಾಕಿ ಕಳಸ್ಲೇನು? ನಾಳೆ ಊರಾಗ ಮಾರಿ ಹ್ಯಾಂಗ ತೋರಸ್ಲಿ?”

ಪವರ್ ಹಾಕಾಕ ಸುರು ಮಾಡಿದೆ. ಬೀಗರು “ಸಾಕ್ರೀ, ಅರ್ಧಾ ಸಾಕು” ಅಂದ್ರು. ರೈತರು ನನ್ನ ಕೈ ಮ್ಯಾಲ ತಮ್ಮ ಕೈ ಇಟ್ಟು ಒತ್ತಿ ಹಿಡಿದ್ರು. “ಇನ್ನ ಸ್ವಲ್ಪ! ನಮ್ಮೂರಿಗಿ ಬಂದು ಅರ್ಧ ಹೊಟ್ಟಿಲೆ ಹೋಗ್ತೀರೇನು?” ಬೀಗರು ಪೈಪ್ ಈ ಕಡೆ ಎಳೀತಾರ, ರೈತರು ಆ ಕಡೆ ಎಳೀತಾರ, ನಡುವ ನಾನು. ಟ್ಯಾಂಕಿ ತುಂಬಿ ಉಕ್ಕಿತು. ಬೀಗರ ಧೋತರ ಸೊಂಟದಿಂದ ಕೆಳಗ ಪೂರಾ ತೊಯ್ದು ತಪ್ಪಡಿ!

ಅಷ್ಟಕ್ಕ ಮುಗೀಲಿಲ್ಲ. ಗಾಬರಿ ಕಳಕೊಳ್ಳಾಕಂತ ಬೀಗರು ಸಾವಕಾಶ ಕಿಸೆಕ್ಕ ಕೈ ಹಾಕಿ ಬೀಡಿ ತಗದ್ರು. ಯಪ್ಪಾ! ಜಿಗದು ಬೀಡಿ, ಕಡ್ಡಿಪೆಟ್ಟಿಗಿ ಎರಡೂ ಕಸಗೊಂಡೆ, ಬಕೀಟ ನೀರು ತಂದು ಅವರ ಮ್ಯಾಲ ಸುರುವಿದೆ. ಅವರು ತೊಯ್ದ ಧೋತರ ಹಿಂಡಿಕೋತ, ಸಿಟ್ಟಿಲ್ಲ ಸೆಡವಿಲ್ಲ, ರೈತರಿಗಿ ಕೈ ಮುಗದು ಅಂದ್ರು, “ಬೀಗರ, ಉಪಚಾರ ಭಾಳ ಛಲೋ ಆತು. ನಮ್ಮೂರಿಗಿ ನೀವೂ ಬರಬೇಕು. ಆದ್ರ ಟ್ರ್ಯಾಕ್ಟರ್ ಮಾತ್ರ ತರಬ್ಯಾಡ್ರಿ, ಅದರ ಟ್ಯಾಂಕಿ ತುಂಬಸೂದು ನನ್ನ ಕೈಲೆ ಆಗೂದಿಲ್ಲ!”

೨. ಕಣಿಕಿ ಮತ್ತು ಹಿಂಡಿ

ಪಾಲಬಾವಿಯಿಂದ ಬರೂ ಒಬ್ಬ ಅಣ್ಣ ಅದಾನ. ಎತ್ತು ಸಾಕೂದ್ರಾಗ ಸುತ್ತ ಹಳ್ಳ್ಯಾಗ ಅವನ ಕೈ ಹಿಡಿಯವರಿಲ್ಲ. ಎತ್ತು ಮಾರಿ ಮೋಟಾರಸೈಕಲ್ ತಗೊಂಡ. ಎತ್ತು ಹೋದ್ರೂ ರೂಢಿ ಹೋಗಬೇಕಲ್ಲ? ಬಂದಾಂವನ ಹೇಳ್ತಿದ್ದ, “ಮುಕ್ಕಾಲ ಪಾಲು ಸಾದಾ ಹಾಕ್ರಿ. ಮ್ಯಾಲ ಸ್ವಲ್ಪ ಪವರ್ ಸುರುವ್ರಿ.”

“ಯಾಕೋ ಅಣ್ಣಾ, ಎರಡೂ ಕೂಡಸಿ?”

“ಬರೇ ಕಣಿಕಿ, ಒಣಾ ಮೇವು ಹಾಕಿದ್ರ ಎತ್ತು ಸೊರಗತೈತ್ರಿ. ಬರೇ ಹಿಂಡಿ ಹಾಕಿದ್ರ ಹೊಟ್ಟಿ ಕೆಡತೈತಿ. ಕಣಿಕಿ ಮ್ಯಾಲ ಒಂದ ಮುಟಗಿ ಹಿಂಡಿ ಬೇಕು.”

ಬುಕ್ಕಿನ್ಯಾಗ ಸಾದಾ ಅಂತ ಬರದೈತಿ ಅಂತ ತಿಳಿಸಿ ಹೇಳಾಕ ಹೋದೆ. “ಆ ಬುಕ್ ಬರದಾಂವ ಪಾಲಬಾವಿ ರಸ್ತೆದಾಗ ಗಾಡಿ ಹೊಡದಾನೇನ್ರಿ?” ಅಂದ. ಅವ ಹೇಳಿದಂಗ ಎರಡೂ ಹಾಕಿ ಕಳಸಿದೆ.

ಎತ್ತಿನ ಕೊಂಬಿಗಿ ಬಣ್ಣ ಹಚ್ಚೂ ಕಾರಹುಣ್ಣಿಮಿ ದಿವಸ ಬಂದ ನೋಡ್ರಿ. ಹ್ಯಾಂಡಲ್ಲಿನ ಎರಡೂ ತುದಿಗಿ ಕೆಂಪು ಬಣ್ಣ, ಗೊಂಡೆ, ಲೈಟಿನ ಮ್ಯಾಲ ಕುಂಕುಮ. “ಇವತ್ತ ಹಬ್ಬ. ಇವತ್ತ ಪೂರಾ ಹಿಂಡಿ!” ಅಂದ. ತುಟ್ಟೀದು ಬ್ಯಾಡೋ ಅಂದ್ರೂ ಕೇಳಲಿಲ್ಲ, ಟ್ಯಾಂಕಿ ತುಂಬ ಪವರ್ ಹಾಕಿಸಿಗೊಂಡು, ಗಾಡಿ ಬೆನ್ನ ಸವರಿ ಹೋದ.

ಮರುದಿವಸ ಬಂದಾಗ ಹೌಹಾರಿದೆ. ತಲಿಗಿ ಪಟ್ಟಿ, ಮೊಣಕಾಲಿಗಿ ಪಟ್ಟಿ, ಗಾಡಿದು ಒಂದ ಕೊಂಬು, ಅಂದ್ರ ಹ್ಯಾಂಡಲ್ಲು, ಸೊಟ್ಟ. “ಏನಾತೋ ಮಾರಾಯಾ!” ಅಂತ ಓಡಿ ಹೋದೆ. ಹಬ್ಬದ ಹುರುಪಿನ್ಯಾಗ ಜೋರ ಹೊಡದು ತಿರುವಿನ್ಯಾಗ ಬಿದ್ದಿದ್ದ. ಅದನ್ನ ಒಪ್ಪತಾನೇನು?

“ಏನಿಲ್ರಿ, ಹಿಂಡಿ ಭಾಳ ಆತು. ಸೊಕ್ಕಿಗಿ ಬಂದು ಕೆಡವಿತು. ಇವತ್ತಿನಿಂದ ಬರೇ ಕಣಿಕಿ ಹಾಕ್ರಿ, ಇಳೀಲಿ ಅದರ ಸೊಕ್ಕು!”

೩. ಅಜ್ಜಾರು ಬಂದ್ರು

ಬೀಗರ ಧೋತರದ ಕಥಿ ಕೇಳಿದಾಗಿಂದ ನನ್ನ ಹೆಂಡತಿ ಒಂದ ಸವನ ಹೇಳ್ತಿದ್ಲು, “ಭೋಜದವರು ಪಂಪಿಗಿ ಬಂದ್ರ ನೆಟ್ಟಗ ಮಾತಾಡ್ರಿ. ಕೇಳಿದಷ್ಟ ಹೇಳ್ರಿ. ನಿಮ್ಮ ನಾಲಿಗಿಗಿ ಬ್ರೇಕ್ ಇಲ್ಲ.”

ಒಂದ ಮುಂಜಾನೆ ಖರೇವಂದ್ರೂ ಬಂದ್ರು ಅಜ್ಜಾರು. ಬಿಳೇ ಟೊಪಗಿ, ಬಿಳೇ ಅಂಗಿ, ಸಣ್ಣ ಮೋಟಾರಸೈಕಲ್ಲು, ಅದರ ಮ್ಯಾಲ ಒಂದು ಧೂಳಿನ ಕಣಾ ಇಲ್ಲ. ಈ ವಯಸ್ಸಿನ್ಯಾಗೂ ತಾವ ಹೊಡೀತಾರ. “ಜಯ ಜಿನೇಂದ್ರ” ಅಂದ್ರು. ನಾನೂ “ಜಯ ಜಿನೇಂದ್ರ ಅಜ್ಜಾರ” ಅಂತ ಓಡಿ ಹೋಗಿ ಪವರಿನ ಪೈಪಿಗಿ ಕೈ ಹಾಕಿದೆ.

“ಅದ್ಯಾಕ? ಸಣ್ಣ ಗಾಡಿಗಿ ಸಾದಾ ಸಾಕು,” ಅಂದ್ರು.

ಆಹಾ, ನನಗ ಕುಣೀಬೇಕನಿಸ್ತು! ಇಷ್ಟ ಮಂದ್ಯಾಗ ತಿಳದ ಮನಷ್ಯಾ ಅಂದ್ರ ಇವರೊಬ್ಬರ, ಅವರೂ ನಮ್ಮ ಬೀಗರು ಆಗವ್ರು. ಸಾದಾ ಹಾಕಿದೆ. ಅಜ್ಜಾರು ಪಂಪಿನ ಮ್ಯಾಲಿನ ಚೀಟಿ ನೋಡಿ, “ಇಲ್ಲಿ ಇಪ್ಪತ್ತ ಅಂತ ಬರದೈತಿ, ಏನದು?” ಅಂತ ಕೇಳಿದ್ರು.

ಕೇಳಿದಷ್ಟ ಹೇಳಬೇಕಿತ್ತು. ನಾ ಶಾಣ್ಯಾತನ ತೋರಸಾಕ ಹೋದೆ. “ಈಗ ಪೆಟ್ರೋಲಿನ್ಯಾಗ ನೂರಕ್ಕ ಇಪ್ಪತ್ತ ಪಾಲು ಸ್ಪಿರಿಟ್ ಕೂಡಸ್ತಾರ್ರಿ ಅಜ್ಜಾರ.”

“ಸ್ಪಿರಿಟ್ ಅಂದ್ರ?”

“ಅದರೀ... ಕುಡಿಯೂ ಸೆರೆದಾಗ ಇರ್ತೈತಲ್ಲ, ಅದ.”

ಅಜ್ಜಾರ ಕೈಯಾನ ಕೀಲಿ ಕೆಳಗ ಬಿತ್ತು. ಹುಟ್ಟಿದಾಗಿಂದ ಸೆರೆಯ ವಾಸನಿ ಕಂಡವರಲ್ಲ. ಹೊತ್ತ ಮುಳುಗೂದ್ರಾಗ ಊಟ ಮುಗಿಸವ್ರು, ನೀರು ಸೋಸಿ ಕುಡಿಯವ್ರು. “ಅಂದ್ರ ನನ್ನ ಗಾಡಿ ಸೆರೆ ಕುಡೀತೈತೇನು? ದಿನಾ ಇದರ ಮ್ಯಾಲ ಕುಂತ ನಾ ಬಸದಿಗಿ ಹೋಗ್ತೇನಿ! ರಾತ್ರಿ ನಮ್ಮ ಪಡಸಾಲ್ಯಾಗ ನಿಂದರ್ತೈತಿ! ಅಂದ್ರ ಕುಡದಾಂವ ನಮ್ಮ ಪಡಸಾಲ್ಯಾಗ ಮಲಗತಾನ!”

“ಅಜ್ಜಾರ, ಹಂಗಲ್ರಿ...”

“ತಗೀರಿ! ಹಾಕಿದ್ದು ಹೊರಗ ತಗೀರಿ! ಇಲ್ಲ, ಆ ಪವರಿನ್ಯಾಗರ ಇಲ್ಲೇನು?”

ಸುಳ್ಳ ಹೇಳಿದ್ರ ಪಾಪ. “ಅದರಾಗೂ ಐತ್ರಿ,” ಅಂದೆ.

ಅಜ್ಜಾರು ಗಾಡಿ ಮ್ಯಾಲ ಮತ್ತ ಕುಂಡರಲಿಲ್ಲ. ರಸ್ತೆದಾಗ ಹೊಂಟಿದ್ದ ಸಾಮಾನು ಹೇರೂ ಒಂದು ಟಂಟಂ ರಿಕ್ಷಾಕ್ಕ ಕೈ ಮಾಡಿ ನಿಂದರಸಿದ್ರು. ಗಾಡೀನ ಎತ್ತಿ ಹಿಂದ ಅಡ್ಡ ಮಲಗಿಸಿ, ಹಗ್ಗಾ ಕಟ್ಟಿ, ತಾವು ಮುಂದ ಡ್ರೈವರ್ ಬಾಜೂಕ ಕುಂತು, ಹೊಳ್ಳಿ ನೋಡದ ಭೋಜಕ್ಕ ಹೋದ್ರು. ಕುಡದವರನ್ನ ಹಿಂಗ ಮನಿಗಿ ಒಯ್ಯೂದು ನಮ್ಮ ಕಡೆ ಹೊಸಾದೇನಲ್ಲ. ಆದ್ರ ಎರಡು ಗಾಲಿ ಇದ್ದ ಕುಡುಕನ್ನ ನಾ ಅವತ್ತ ಮೊದಲ ಸಲ ನೋಡಿದ್ದು.

೪. ಗಾಡಿಯ ಪಥ್ಯ

ಎರಡು ದಿವಸದಾಗ ಕಾಗವಾಡದಿಂದ ನನ್ನ ಹೆಂಡತಿಯ ಅಣ್ಣನ ಫೋನ್ ಬಂತು. ಸಂಬಂಧ ತಂದವನ ಅವನು. “ಭಾವಾ, ಅಜ್ಜಾರು ಹೇಳಿ ಕಳಿಸ್ಯಾರ. ಸೆರೆ ಮಾರವರ ಮನಿ ಹೆಣ್ಣು ತರೂದಿಲ್ಲ ಅಂತಾರ. ನೀವು ಪಂಪ್ ಬಿಟ್ಟು ಯಾವಾಗಿಂದ ದಾರೂ ಅಂಗಡಿ ಹಾಕಿದ್ರಿ?”

ಮಗಳು ಕೋಲ್ಯಾಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಒಳಗಿಂದನ ಅಂದ್ಲು, “ಅಪ್ಪಾ, ಸ್ಪಿರಿಟ್ ಅಂತ ಹೇಳಿ ಸುಮ್ನಿರಾಕ ಬರತಿರಲಿಲ್ಲೇನು? ಸೆರೆ ಅಂತ ಬಿಡಿಸಿ ಹೇಳಬೇಕಿತ್ತ?” ಹೆಂಡತಿ ಮಾತಾಡಲಿಲ್ಲ. ಅಕಿ ಮಾತಾಡದ ಹೋದ್ರ ನನಗ ಜಾಸ್ತಿ ಅಂಜಿಕಿ.

ಕೊಲ್ಹಾಪುರದಾಗ ಸ್ಪಿರಿಟ್ ಇಲ್ಲದ ಪೆಟ್ರೋಲ್ ಸಿಗ್ತೈತಂತ, ದೊಡ್ಡ ದೊಡ್ಡ ರೇಸ್ ಗಾಡಿಗೋಳಿಗಿ ಹಾಕೂದು, ಪವರಿಗಿಂತ ಎಷ್ಟೋ ತುಟ್ಟಿ. ವಿಚಾರ ಮಾಡಿ ಹುಡುಗಗ ಫೋನಿನ್ಯಾಗ ಅದನ್ನ ಹೇಳಿದೆ. ಪಾಪ, ಅವನೂ ಲಗ್ನಕ್ಕಂತ ಜೀವಾ ಹಿಡಕೊಂಡ ಕುಂತಾಂವ. ಗಾಡಿದು ಪೆಟ್ರೋಲ್ ಪೂರಾ ಬಸದು ತಗದು, ಇನ್ನೊಂದು ಗಾಡಿಗಿ ಹಗ್ಗಾ ಕಟ್ಟಿ ಎಳಕೊಂಡು ಕೊಲ್ಹಾಪುರಕ್ಕ ಒಯ್ದ. ರೇಟ್ ಕೇಳಿ ಬೆವತು, ಎರಡ ಲೀಟರ್ ಅಷ್ಟ ಹಾಕಿಸಿಗೊಂಡು ಬಂದ.

ರಾತ್ರಿ ಫೋನ್ ಮಾಡಿದ. “ಮಾವಾರ, ಅಜ್ಜಗ ಸಮಾಧಾನ ಆಗೈತಿ. ಗಾಡಿ ಶುದ್ಧ ಆತು.”

“ಗೆದ್ದಿವಿ ಬಿಡಪ್ಪಾ!” ಅಂತ ಜಿಗದಾಡಿದೆ.

“ಎಲ್ಲೀದ ಗೆಲ್ಲೂದ್ರಿ! ಮನಿಗಿ ಬರೂದ್ರಾಗ ಅರ್ಧಾ ತೀರೈತಿ. ಉಳದ ಅರ್ಧಾ ಮತ್ತ ಕೊಲ್ಹಾಪುರಕ್ಕ ಹೋಗಾಕನ ಬೇಕು. ಬಸದಿಗಿ ಅಜ್ಜ ನಡಕೋತ ಹೊಂಟಾರ.”

೫. ಹೊಲದ ಪೆಟ್ರೋಲು

ಕಡೀಕ ಹೆಂಡತಿ ಬಾಯಿ ಬಿಟ್ಲು. “ನಡೀರಿ ಭೋಜಕ್ಕ. ನೀವು ತುಟಿ ಹೊಲಕೊಂಡ ಕುಂಡರಬೇಕು. ನಾ ಮಾತಾಡ್ತೇನಿ.”

ಹೋದ್ವಿ. ಅಜ್ಜಾರು ಕಟ್ಟೀ ಮ್ಯಾಲ ಕುಂತಿದ್ರು. ಅವರ ಗಾಡಿ ಅಂಗಳದ ಮೂಲ್ಯಾಗ ಒಂದ ಬಟ್ಟಿ ಹೊಚಗೊಂಡು ನಿಂತಿತ್ತು. ನೀರು ಕೊಟ್ರು, ಬೆಲ್ಲ ಕೊಟ್ರು, ಮಾತು ಕೊಡಲಿಲ್ಲ. ಮನಿ ಎದರಿನ ಹೊಲದಾಗ ಕಬ್ಬು ಕಡಿಯೂ ಗ್ಯಾಂಗು ಟ್ರ್ಯಾಕ್ಟರ್ ಹೇರಾಕತ್ತಿತ್ತು.

ನನ್ನ ಹೆಂಡತಿ ಸೆರಗ ಸರಿ ಮಾಡಿಕೊಂಡು ಮೆಲ್ಲಕ ಕೇಳಿದ್ಲು, “ಅಜ್ಜಾರ, ಕಬ್ಬು ಭಾಳ ಛಲೋ ಬಂದೈತ್ರಿ. ಎಲ್ಲಿಗಿ ಹೋಗ್ತೈತ್ರಿ?”

ಕಬ್ಬಿನ ಮಾತು ಬಂದ ಕೂಡಲೆ ಅಜ್ಜಾರ ಮಾರಿ ಅರಳಿತು. “ಫ್ಯಾಕ್ಟರಿಗಿ ಹೋಗ್ತೈತಿ ತಂಗಿ. ನಮ್ಮ ಕಬ್ಬ ಅಂದ್ರ ಅಲ್ಲಿ ಮೊದಲ ಮಾನ.”

“ಅಲ್ಲಿ ಬರೇ ಸಕ್ಕರಿ ಮಾಡ್ತಾರೇನ್ರಿ?”

“ಮತ್ತೇನ ಮಾಡ್ತಾರ?”

ಹೆಂಡತಿ ಹುಡುಗನ ಮಾರಿ ನೋಡಿದ್ಲು. ಹುಡುಗ ನೆಲಾ ನೋಡಿದ. ಅಜ್ಜಾರು “ಯಾಕಲೇ, ಏನ ಮಾಡ್ತಾರ? ಹೇಳು!” ಅಂತ ಗದರಿಸಿದ ಮ್ಯಾಲ ಅಂದ, “ಅಜ್ಜಾ... ಕಬ್ಬಿನ ಹಾಲಿನಿಂದ ಸ್ಪಿರಿಟ್ ಮಾಡ್ತಾರ. ಅದನ್ನ ಪೆಟ್ರೋಲಿಗಿ ಕೂಡಸ್ತಾರ.”

“ನಮ್ಮ ಕಬ್ಬಿನಿಂದ?”

“ಹೂಂ ಅಜ್ಜಾ. ನಮ್ಮ ಕಬ್ಬಿನಿಂದನೂ.”

ಅಜ್ಜಾರು ಟೊಪಗಿ ತಗದು ತೊಡಿ ಮ್ಯಾಲ ಇಟಗೊಂಡ್ರು. ಟ್ರ್ಯಾಕ್ಟರ್ ನೋಡಿದ್ರು, ಬಟ್ಟಿ ಹೊಚಗೊಂಡ ಗಾಡಿ ನೋಡಿದ್ರು, ಕಡೀಕ ನನ್ನ ನೋಡಿದ್ರು. ಮುಗೀತು, ಮಗಳ ಲಗ್ನದ ಮ್ಯಾಲ ಕಲ್ಲ ಬಿತ್ತು ಅಂತ ನಾ ಕಣ್ಣ ಮುಚ್ಚಿದೆ. ತುಟಿ ಹೊಲಕೊಂಡಿದ್ದಕ್ಕ ‘ತಪ್ಪಾತ್ರಿ’ ಅನ್ನಾಕೂ ಬರವಲ್ದು.

ಆಗ ಒಂದ ಸಪ್ಪಳ ಕೇಳಿಸ್ತು. ಕಣ್ಣ ತಗದ್ರ ಅಜ್ಜಾರು ನಗಾಕತ್ತಾರ! ಹೊಟ್ಟಿ ಹಿಡಕೊಂಡು, ಕಣ್ಣಾಗ ನೀರು ಬರೂಹಂಗ ನಗಾಕತ್ತಾರ. “ಅಲ್ರೀ, ಬೆಳಿಯವ್ರು ನಾವು, ಮಾರವ್ರು ನೀವು! ಒಂದ ಧಂದೆದವರು ಇಷ್ಟ ದಿವಸ ಸುಮ್ಮನ ದೂರ ಕುಂತಿವಲ್ರೀ!” ಅಂದು ಒಳಗ ಒದರಿದ್ರು, “ಏ, ಸಕ್ಕರಿ ಡಬ್ಬಿ ತರ್ರೆವ್ವಾ. ಬೀಗರ ಬಾಯಿ ಸಿಹಿ ಮಾಡೂಣು. ಹೂಂ!”

ಆ ಹೂಂ ಕೇಳಿ ನನ್ನ ಹೆಂಡತಿ ಅಳಾಕ ಸುರು ಮಾಡಿದ್ಲು. ಖರೇ ಹೇಳಬೇಕಂದ್ರ ನಾನೂ ಅತ್ತೆ.

ಲಗ್ನ ಆತು. ಮರುದಿವಸ ಮಗಳನ್ನ ಹಿಂದ ಕುಂಡರಿಸಿಕೊಂಡು ಅಳಿಯ ಅದ ಸಣ್ಣ ಗಾಡಿ ತಗೊಂಡು ನಮ್ಮ ಪಂಪಿಗಿ ಬಂದ. ಬಾಜೂಕ ಕಾರಿನ್ಯಾಗ ಅಜ್ಜಾರು. ನಾ ಈ ಸಲ ಶಾಣ್ಯಾ ಆಗಿದ್ದೆ, ಪೈಪ್ ಮುಟ್ಟೂಕಿಂತ ಮೊದಲ ಕೈ ಮುಗದು ಕೇಳಿದೆ, “ಅಜ್ಜಾರ, ಸಾದಾ ಹಾಕ್ಲೋ, ಪವರ್ ಹಾಕ್ಲೋ? ಇಲ್ಲ, ಕೊಲ್ಹಾಪುರಕ್ಕ ಕಳಸ್ಲೋ?”

ಅಜ್ಜಾರು ಕಾರಿನ ಕಿಡಕ್ಯಾಗಿಂದ ತಲಿ ಹೊರಗ ಹಾಕಿ ಅಂದ್ರು, “ಸಾದಾ ಹಾಕ್ರಿ ಬೀಗರ. ನಮ್ಮ ಹೊಲದ್ದ ಐತಿ, ಕುಡೀಲಿ. ಆದ್ರ ಈಗ ಹೇಳಿರ್ತೇನಿ, ಕುಡದ ಬಂದ ಮ್ಯಾಲ ಪಡಸಾಲ್ಯಾಗ ಬರೂಹಂಗಿಲ್ಲ. ಹೊರಗ ಅಂಗಳದಾಗ ಮಲಗಬೇಕು!”